ತೂತಿಲ್ಲದ ಹೂಕುಂಡ

ನಮ್ಮ ಮನೆಯಲ್ಲಿ ನಾನು ಕೈಯಾರೆ ಮಾಡಿದ ಯಾವ ವಸ್ತುವಿಗೂ ಯಾರೂ ‘ಛಲೋ ಅದ’ ಎಂದದ್ದಿಲ್ಲ. ಸಂತಪುರದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿ ಬೀದರಿನ ಮನೆಯಲ್ಲಿ ಬಂದು ಕೂತ ದಿನದಿಂದ, ಗೃಹಾಲಂಕಾರವೆಂಬ ಮಹತ್ಕಾರ್ಯಕ್ಕೆ ನನ್ನನ್ನು ಒಪ್ಪಿಸಿಕೊಂಡವನು ನಾನು. ‘ಮನೆಯಲ್ಲೇ ಸುಲಭವಾಗಿ ಮಾಡಿ ನೋಡಿ’ ಎಂದು ಶುರುವಾಗುವ ಯಾವ ವಿಡಿಯೋವನ್ನೂ ಬಿಟ್ಟವನಲ್ಲ. ಹಳೆಯ ಟೈರಿಗೆ ಹಗ್ಗ ಸುತ್ತಿ ಪೀಠ ಮಾಡಿದೆ. ಭಾಲ್ಕಿಯಿಂದ ಬಂದ ನಮ್ಮ ಭಾವ ಅದರಲ್ಲಿ ಕೂತರು; ಅವರನ್ನು ಹೊರಗೆಳೆಯಲು ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಕೆಟ್ಟುಹೋದ ಸಿಡಿಗಳನ್ನು ದಾರಕ್ಕೆ ಪೋಣಿಸಿ ಮಾಳಿಗೆಯ ಮೇಲೆ ತೂಗುಹಾಕಿದೆ. ಅದನ್ನು ಕಂಡರೆ ಕೋತಿಗಳು ಹೆದರಿ ಓಡುತ್ತವೆ ಎಂದಿದ್ದರು ವಿಡಿಯೋದವರು. ನಮ್ಮ ಊರಿನ ಕೋತಿಗಳು ಅದರಲ್ಲಿ ಮುಖ ನೋಡಿಕೊಳ್ಳಲು ಆಚೆ ಓಣಿಯಿಂದಲೂ ಬಂದವು.

ಹೆಂಡತಿ ವಿಶಾಖಾ ಬಾಯಿಬಿಟ್ಟು ಏನೂ ಹೇಳುವುದಿಲ್ಲ. (ಅವಳ ಮೌನವನ್ನು ಅನುಭವಿಸಿದವರಿಗೆ ಬೈಗುಳವೇ ವಾಸಿ ಅನ್ನಿಸುತ್ತದೆ.) ಹೇಳುವವಳು ನಮ್ಮ ಅವ್ವ, ಕೇಶರಬಾಯಿ. ಏನು ಮಾಡಿ ತೋರಿಸಿದರೂ ಅದನ್ನು ತಿರುವಿ ತಿರುವಿ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಇದಕ್ಕ ತಗೊಂಡು ಏನ್ ಮಾಡೂದು ಸುಶ್ಯಾ?”

ನನ್ನ ಹೆಸರು ಸುಶೀಲಕುಮಾರ. ಅರವತ್ತು ದಾಟಿದ ಗೃಹಸ್ಥನನ್ನು ಸುಶ್ಯಾ ಎನ್ನುವ ಜೀವ ಲೋಕದಲ್ಲಿ ಅದೊಂದೇ ಉಳಿದಿತ್ತು.

ಆ ಜೀವ ಈ ಬೇಸಿಗೆಯಲ್ಲಿ ಹಾಸಿಗೆ ಹಿಡಿಯಿತು. ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರು ಕಾಗದ ನೋಡಿ, ಕನ್ನಡಕ ತೆಗೆದು, “ಮನಿಗಿ ಒಯ್ದು ಸೇವಾ ಮಾಡ್ರಿ,” ಎಂದರು. ಸೇವೆ ಎಂದರೇನೆಂದು ವಿಶಾಖಾಳಿಗೆ ಗೊತ್ತಿತ್ತು. ಒರೆಸುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು ಎಲ್ಲವನ್ನೂ ಅವಳು ಮಾಡಿದಳು. ನಾನು ಅವ್ವನ ಪಕ್ಕ ಕೂತರೆ ಅವಳ ಮುಖ ನೋಡುತ್ತ ಕಣ್ಣೊರೆಸಿಕೊಳ್ಳುವುದೇ ಆಗುತ್ತಿತ್ತು. ಅದು ಸಾಲದೆಂದು ಅವಳು ಬೇರೆ ದಿನಾ ಅದೇ ಮಾತು ತೆಗೆಯುತ್ತಿದ್ದಳು.

“ಸುಶ್ಯಾ, ನಾ ಹೋದ ಮ್ಯಾಲ ಸಂದೂಕದಾಗಿನ ಸೀರಿ…”

“ಅಂಥಾ ಮಾತ ಆಡಬ್ಯಾಡವ್ವ,” ಎಂದು ನಾನು ಎದ್ದುಬಿಡುತ್ತಿದ್ದೆ.

ಆ ವಾಕ್ಯದ ಉಳಿದರ್ಧ ಕೇಳಿಸಿಕೊಂಡಿದ್ದರೆ ನಾನು ಇವತ್ತು ನಿಮ್ಮ ಮುಂದೆ ಹೀಗೆ ನಗೆಪಾಟಲಾಗುತ್ತಿರಲಿಲ್ಲ.

ಮಲಗಿದಲ್ಲಿಂದ ಅವ್ವನಿಗೆ ಕಾಣುತ್ತಿದ್ದದ್ದು ಕಿಟಕಿ, ಕಿಟಕಿಯಾಚೆ ಬೋಳು ಗೋಡೆ. ಅಲ್ಲೊಂದು ಹೂವಿನ ಗಿಡ ಇಟ್ಟರೆ ಹೇಗೆ ಎಂಬ ದಿವ್ಯ ಯೋಚನೆ ನನ್ನ ತಲೆಯಲ್ಲಿ ಬೆಳಗಿತು. ಅಂಗಡಿಯಿಂದ ಕುಂಡ ತಂದರೆ ಮುಗಿಯುತ್ತಿತ್ತು. ಆದರೆ ನಾನು ಯಾರು? ವಿಡಿಯೋದಲ್ಲಿ ಒಬ್ಬಾಕೆ ಹಳೆಯ ಬಟ್ಟೆಯನ್ನು ದೋಸೆ ಹಿಟ್ಟಿನಷ್ಟು ತೆಳ್ಳಗೆ ಕಲಸಿದ ಸಿಮೆಂಟಿನಲ್ಲಿ ಅದ್ದಿ, ಬೋರಲು ಹಾಕಿದ ಬಕೀಟಿನ ಮೇಲೆ ಹೊದಿಸಿದಳು. ಒಣಗಿದ ಮೇಲೆ ಎತ್ತಿ ತಿರುಗಿಸಿದರೆ ಬಟ್ಟೆಯ ನೆರಿಗೆಗಳೆಲ್ಲ ಹಾಗೇ ಕಲ್ಲಾಗಿ, ರಾಜಮನೆತನದ ಹೂಕುಂಡದಂತೆ ನಿಂತಿತ್ತು. ‘ಹತ್ತಿ ಬಟ್ಟೆಯೇ ಇರಲಿ, ಮೆತ್ತಗೆ ಆದಷ್ಟೂ ಒಳ್ಳೆಯದು’ ಎಂದು ಬೇರೆ ಹೇಳಿದಳು ಪುಣ್ಯಾತ್ಮೆ.

ವಿಶಾಖಾ ನೀರು ಹಿಡಿಯಲು ಹೋಗಿದ್ದಳು. ಅವ್ವನಿಗೆ ನಿದ್ದೆ ಹತ್ತಿತ್ತು. ಅವಳ ಮಂಚದ ಕೆಳಗಿನ ಸಂದೂಕ ತೆಗೆದರೆ ಮೇಲೆಯೇ ಒಂದು ಬಿಳಿ ಹತ್ತಿ ಸೀರೆ, ಬೆಣ್ಣೆಯಷ್ಟು ಮೆತ್ತಗೆ, ಸಣ್ಣ ನೀಲಿ ಅಂಚಿನದು. ಕತ್ತರಿಸಲು ಯಾಕೋ ಮನಸ್ಸಾಗಲಿಲ್ಲ. (ನನ್ನ ಕೈಗೆ ನನಗಿಂತ ಹೆಚ್ಚು ಬುದ್ಧಿ ಇತ್ತು.) ಇಡೀ ಸೀರೆಯನ್ನು ಮಡಿಕೆ ಹಾಕಿ ಹಾಗೇ ಅದ್ದಿದೆ.

ನಮ್ಮ ಬಿಸಿಲಿಗೆ ಒಣಗಲು ತಡವೇನೂ ಆಗಲಿಲ್ಲ. ಕುಂಡ ಒಂದು ಕಡೆಗೆ ಸ್ವಲ್ಪ ವಾಲಿತ್ತು, ಅದು ಕಲೆ. ಎತ್ತಲಾರದೆ ಎತ್ತಿ ತಂದು ಅವ್ವನ ಮುಂದೆ ಇಟ್ಟೆ. ಅವಳು ಬಹಳ ಹೊತ್ತು ನೋಡಿದಳು. ಸಿಮೆಂಟಿನೊಳಗಿಂದ ಕುಂಡದ ಬಾಯಿಯ ಸುತ್ತ ನೀಲಿ ಗೆರೆಯೊಂದು ಇಣುಕುತ್ತಿತ್ತು. ವಾರದಿಂದ ತಲೆ ಎತ್ತದವಳು ಮೊಣಕೈ ಊರಿ ಎದ್ದಳು.

“ಸುಶ್ಯಾ, ಇದು ನನ್ನ ನಾಗಪುರದ ಸೀರಿ ಅಲ್ಲೇನು?”

ಬಾಗಿಲಲ್ಲಿ ವಿಶಾಖಾಳ ಕೈಯ ಕೊಡ ನೆಲಕ್ಕೆ ಕೂತಿತು. “ಅಯ್ಯ ನನ್ನ ಕರ್ಮ. ಅತ್ತಿ ನಾಗಪುರದ ದೀಕ್ಷಾಭೂಮಿಗಿ ಹೋದಾಗ ಉಟ್ಟಿದ್ದ ಸೀರಿರೀ ಅದು. ಕಡೀಕ ಇದನ್ನೇ ಉಡಸ್ರಿ ಅಂತ ಇಟ್ಕೊಂಡಿದ್ರು. ಓಣಿ ಮಂದಿಗೆಲ್ಲಾ ಗೊತ್ತದ.”

ಓಣಿಯ ಮಂದಿಗೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವ್ವ ಮಾತ್ರ ಬೈಯಲಿಲ್ಲ. ಕುಂಡದೊಳಗೆ ಬಗ್ಗಿ ನೋಡಿದಳು.

“ಇದಕ್ಕ ತೂತ ಎಲ್ಲದ? ನೀರ ಎಲ್ಲಿಂದ ಹೋಗಬೇಕು?”

ತೂತು ಬಿಡುವುದನ್ನು ನಾನು ಮರೆತಿದ್ದೆ.

“ಇರ್ಲಿ,” ಎಂದಳು ಅವ್ವ, ಮತ್ತೆ ಒರಗುತ್ತ. “ಈಗ ನಾ ಏನ್ ಉಟ್ಕೊಂಡು ಹೋಗ್ಲಿ? ಇದನ್ನ ಉಟ್ರ ಎತ್ತಾಕ ನಾಲ್ಕ ಮಂದಿ ಸಾಲಲ್ಲ. ಬ್ಯಾರೆ ಸೀರಿ ತಾ. ಛಲೋದ ಸಿಗೂತನಕ ನಾ ಎಲ್ಲೂ ಹೋಗಲ್ಲ.”

ಮರುದಿನವೇ ಅಬ್ದುಲ ಸಮದನ ಬಟ್ಟೆಯಂಗಡಿಗೆ ಹೋಗಿ ಒಂದು ಬಿಳಿ ಸೀರೆ ತಂದೆ. ಅವ್ವ ಬೆರಳಲ್ಲಿ ತಿಕ್ಕಿ ನೋಡಿ, “ಇದು ನಾಯಲಾನ. ಉರಿ ಹತ್ತಿದ್ರ ಮೈಗಿ ಅಂಟ್ತದ,” ಎಂದಳು. ಆಮೇಲೆ ತಂದದ್ದಕ್ಕೆ ಅಂಚು ಅಗಲವಾಯಿತು. ಭಾಲ್ಕಿಯಿಂದ ತಂದದ್ದು ತೆಳ್ಳಗಾಯಿತು. “ಹೆಣಾನೂ ನಾಚ್ಕೋತದ ಇದರಾಗ,” ಎಂದಳು. ಹೀಗೆ ಬೈದು ಬೈದು ಸುಸ್ತಾದವಳು ವಿಶಾಖಾ ಕೊಟ್ಟ ಗಂಜಿಯನ್ನು ಪೂರಾ ಕುಡಿದಳು. ಎಷ್ಟೋ ದಿನದ ಮೇಲೆ ಬಟ್ಟಲು ಖಾಲಿಯಾಗಿದ್ದನ್ನು ನಾನು ನೋಡಿದೆ.

ಅಲ್ಲಿ ನನ್ನ ವೈಜ್ಞಾನಿಕ ಬುದ್ಧಿ ಚುರುಕಾಯಿತು. ಛಲೋ ಸೀರೆ ಸಿಗುವ ತನಕ ಹೋಗುವುದಿಲ್ಲ ಎಂದಿದ್ದಾಳೆ. ಅಂದಮೇಲೆ ಛಲೋ ಸೀರೆ ತರಬಾರದು, ಅಷ್ಟೇ. ಸಾವನ್ನು ಬಾಗಿಲಲ್ಲೇ ನಿಲ್ಲಿಸುವ ಈ ಉಪಾಯ ಯಾವ ಡಾಕ್ಟರಿಗೂ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ವಿಶಾಖಾಳಿಗೂ ಗುಟ್ಟು ಬಿಡಲಿಲ್ಲ.

ಅಂದಿನಿಂದ ನಾನು ಬೀದರ ಜಿಲ್ಲೆಯ ಅತಿ ಕೆಟ್ಟ ಸೀರೆಗಳ ಶೋಧಕನಾದೆ. ಚುಕ್ಕೆಯದು ತಂದೆ, ಜರಿಯದು ತಂದೆ. ಬಸ್ಸು ಹತ್ತಿ ಔರಾದಕ್ಕೆ ಹೋಗಿ, ಮೈತುಂಬ ಗಿಳಿಗಳು ಕೂತ ಒಂದು ಹಸಿರು ಸೀರೆ ತಂದೆ. ಅಬ್ದುಲ ಸಮದ ಒಮ್ಮೆ ನನ್ನ ಮುಖವನ್ನೇ ನೋಡಿ, “ಸರ್, ಅಮ್ಮಾಗ ಯಾವದ ಪಸಂದ ಬರಲ್ಲ, ಅಂಥಾದೇ ತೆಗಿಲೇನ್ರಿ?” ಎಂದು ಕೇಳಿದ. ವ್ಯಾಪಾರಿಗೆ ಗಿರಾಕಿಯ ಮನಸ್ಸು ಅದೆಷ್ಟು ಬೇಗ ತಿಳಿಯುತ್ತದೆ ಎಂದು ಆಗ ಬೆರಗಾದೆ.

ಗಿಳಿ ಸೀರೆ ಬಿಚ್ಚಿದಾಗ ಅವ್ವ ಕಣ್ಣು ಮುಚ್ಚಿದಳು.

“ನಾ ಹೊಂಟಿದ್ದು ಸುಡುಗಾಡಿಗೋ, ಮದುವಿಗೋ?”

“ಅಂಗಡ್ಯಾಗ ಬ್ಯಾರೆ ಇರ್ಲಿಲ್ಲವ್ವ.”

“ಹುಡುಕು. ಬಸವಕಲ್ಯಾಣ ಇನ್ನೂ ಉಳದದ.”

“ಸಂಜಿ ಬಸ್ಸ ತಪ್ಪಸ್ಕೋಬ್ಯಾಡ್ರಿ ಮತ್ತ,” ಎಂದಳು ವಿಶಾಖಾ, ಮುಖ ಆಚೆ ತಿರುಗಿಸಿ.

ನಾನು ಸುತ್ತುತ್ತಲೇ ಇದ್ದೆ. ಆದರೆ ಬೈಗುಳ ಚಿಕ್ಕದಾಗುತ್ತ ಬಂತು. ಮೊದಲು ಕಾರಣ ಹೇಳುತ್ತಿದ್ದವಳು ಆಮೇಲೆ ಬರೀ “ಬ್ಯಾಡ” ಎಂದಳು. ಆಮೇಲೆ ಒಂದು ಬೆರಳು ಅಲ್ಲಾಡಿಸಿದಳು. ಗಂಜಿ ಬಟ್ಟಲಲ್ಲೇ ಉಳಿಯತೊಡಗಿತು. ನಾನು ಇನ್ನೂ ಕೆಟ್ಟ ಸೀರೆ ತಂದೆ, ಹೊಳೆಯುವ ಹರಳಿನದು. ಅದು ಸಾಕಾಗಲಿಲ್ಲ. ಕಡೆಯದನ್ನು ತೋರಿಸಿದ ದಿನ ಅವ್ವ ಸೀರೆಯನ್ನು ನೋಡಲೇ ಇಲ್ಲ. ನನ್ನ ಕೈ ಹಿಡಿದುಕೊಂಡಳು.

“ನಾಳಿಗಿ ನೋಡೂಣು, ಸುಶ್ಯಾ.”

ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ.

ಮಂದಿ ಸೇರಿದರು. ಬುದ್ಧ ವಿಹಾರದವರು ಬಂದರು. ಭಾತಂಬ್ರಾದಿಂದ ತಂಗಿ ಮಹಾಮಾಯಾ ಅಳುತ್ತ ಬಂದು, ಅವ್ವನ ಕಾಲು ಹಿಡಿದು ಕೂತು, ಕಡೆಗೆ ತಲೆ ಎತ್ತಿ, “ಅಣ್ಣಾ, ಸೀರಿ ಎಲ್ಲದ?” ಎಂದು ಕೇಳಿದಳು. ನಾನು ತಂದ ಗಂಟನ್ನು ಬಿಚ್ಚಿದೆ. ಚುಕ್ಕೆ, ಜರಿ, ಹರಳು, ಗಿಳಿಗಳು ಎಲ್ಲ ನೆಲದ ಮೇಲೆ ಹರಡಿಕೊಂಡವು. ನೆರೆದವರು ಒಬ್ಬರ ಮುಖ ಒಬ್ಬರು ನೋಡಿದರು. ಹೆತ್ತ ತಾಯಿಯನ್ನು ಕಳಿಸಲು ಒಂದು ನೆಟ್ಟನೆಯ ಸೀರೆ ಇಲ್ಲದ ಮಗ ನಾನು. ಗಿಳಿ ಸೀರೆಯಲ್ಲಿ ಮುಖ ಮುಚ್ಚಿಕೊಂಡು, ಇದ್ದವರೆಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ.

ವಿಶಾಖಾ ಎದ್ದು ಕಪಾಟು ತೆರೆದಳು. ಒಂದು ಕಾಗದದ ಪೊಟ್ಟಣ ತಂದು ಬಿಚ್ಚಿದಳು. ಬಿಳಿ ಹತ್ತಿ ಸೀರೆ, ಸಣ್ಣ ನೀಲಿ ಅಂಚು. ಪೊಟ್ಟಣದ ಮೇಲೆ ಅಬ್ದುಲ ಸಮದನ ಅಂಗಡಿಯ ಹೆಸರಿತ್ತು.

ಹೆಂಗಸರು ಅವ್ವನಿಗೆ ಅದನ್ನು ಉಡಿಸಿದರು. ಚೆಂದ ಕಾಣುತ್ತಿದ್ದಳು. ಎಲ್ಲ ಮುಗಿದು, ಮನೆಯಲ್ಲಿ ನಾವಿಬ್ಬರೇ ಉಳಿದ ಮೇಲೆ ಕೇಳಿದೆ.

“ಆ ಸೀರಿ ಯಾವಾಗ ತಂದಿ?”

“ನೀವು ಹಳೇದ್ದು ಸಿಮೆಂಟಿನಾಗ ಅದ್ದಿದ ವಾರದಾಗೇ. ಅತ್ತಿಗಿ ತೋರಿಸ್ದೆ. ಇದೇ ಇರ್ಲಿ ಅಂದ್ರು.”

“ಮತ್ತ ನಾ ದಿನಾ ತಿರುಗಿದ್ದು?”

“ತಿರುಗ್ಲಿ ಬಿಡು ಅಂದ್ರು. ಮನ್ಯಾಗ ಕುಂತ್ರ ನನ್ನ ಮಾರಿ ನೋಡ್ಕೋತ ಅಳ್ತಾನ, ಇಲ್ಲಾ ಮತ್ತೇನರೆ ಸಿಮೆಂಟಿನಾಗ ಅದ್ದತಾನ. ಹೊರಗ ಹೋಗಿ ಬರ್ಲಿ, ಸಂಜಿಗಿ ನಾಕ ಮಾತ ಬೈತೀನಿ, ಅವಗ ಅದರಾಗ ಸಮಾಧಾನ ಅಂದ್ರು.”

“ನಾ ಬೇಕಂತಲೇ ಕೆಟ್ಟವು ತರ್ತಿದ್ದೆ ವಿಶಾಖಾ.”

“ಅದೂ ಗೊತ್ತಿತ್ತರಿ. ಸಮದಭಾಯಿಗೂ ಗೊತ್ತಿತ್ತು. ಗಿಳಿ ಸೀರಿ ತಂದ ದಿನ ನೀವು ಆಚಿ ಹೋದ ಮ್ಯಾಲ ನಕ್ಕು ನಕ್ಕು ಹೊಟ್ಟಿ ನೋವ ಎದ್ದು, ಅತ್ತಿಗಿ ಗುಳಗಿ ಕೊಡಬೇಕಾಯ್ತು.”

ಸಾವಿಗೇ ಮೋಸ ಮಾಡುತ್ತಿದ್ದೇನೆಂದು ಬೀಗಿ ಬಸ್ಸಿನಲ್ಲಿ ಓಡಾಡಿದವನು ನಾನು. ಸಾಯುವವಳೇ ನನ್ನನ್ನು ಮಗುವಿನ ಹಾಗೆ ಆಡಿಸಿ, ಕೈಗೊಂದು ಕೆಲಸ ಕೊಟ್ಟು ಹೋಗಿದ್ದಳು.

ಕೆಲವು ದಿನಗಳ ಮೇಲೆ ಸುತ್ತಿಗೆ, ಉಳಿ ಹಿಡಿದು ಆ ಕುಂಡದ ಮುಂದೆ ಕೂತೆ. ತೂತನ್ನಾದರೂ ಮಾಡೋಣ ಎಂದುಕೊಂಡಿದ್ದೆ. ಕೈ ಏಳಲಿಲ್ಲ. ಇಷ್ಟು ವಾಲಿದ, ಇಷ್ಟು ಕುರೂಪಿಯಾದ ವಸ್ತುವನ್ನು ಒಡೆದು ಎಸೆಯುವುದೇ ಮೇಲು ಎಂದೆ. ವಿಶಾಖಾ ಅಡುಗೆಮನೆಯಿಂದ ಬಂದು ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು.

“ಒಡೀಬ್ಯಾಡ್ರಿ. ಅತ್ತಿ ಇದರ ಬಗ್ಗೆ ಒಂದ ಮಾತ ಹೇಳ್ಯಾರ. ನಿಮಗ ಹೇಳಬ್ಯಾಡ ಅಂದಿದ್ರು.”

“ಏನಂದ್ರು?”

“ಕುಂಡ ಛಲೋ ಆಗ್ಯಾದ, ಆದ್ರ ಅವಗ ಹೇಳಬ್ಯಾಡ, ಇನ್ನೊಂದ ಮಾಡ್ತಾನ ಅಂದ್ರು.”

ನಾನು ಆ ನೀಲಿ ಗೆರೆಯ ಮೇಲೆ ಕೈಯಿಟ್ಟು ಅಲ್ಲೇ ಕೂತುಬಿಟ್ಟೆ. ವಿಶಾಖಾ ಮೂಲೆಯಲ್ಲಿ ಉಳಿದಿದ್ದ ಸಿಮೆಂಟಿನ ಚೀಲವನ್ನು ಎಳೆದುಕೊಂಡು ಹೋಗಿ ಪಕ್ಕದ ಮನೆಯವರಿಗೆ ಕೊಟ್ಟುಬಂದಳು.