ಅಡ್ಜಸ್ಟ್ ಇಲ್ಲದ ಶುಕ್ರವಾರ

ಇನ್ನು ಮೇಲೆ ನಾನು ಅಡ್ಜಸ್ಟ್ ಮಾಡಿಕೊಳ್ಳುವುದಿಲ್ಲ! ದೇವರ ಜಗಲಿಯ ಮುಂದೆ ದೀಪ ಹಚ್ಚಿ, ಬನಶಂಕರಿಗೆ ಕೈಮುಗಿದು, ಹೀಗೆಂದು ಗುಡುಗಿದವಳು ನಾನೇ. ಗುಡುಗಿದ್ದು ಮನಸ್ಸಿನಲ್ಲಿ. ಹೊರಗೆ ಕೇಳಿಸಿದ್ದರೆ ಮನೆಯವರು ಡಾಕ್ಟರರ ಹತ್ತಿರ ಕರೆದೊಯ್ಯುತ್ತಿದ್ದರು.

ಆ ಪದದ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಮಗಳು ಸರಿತಾಳ ಹಳೆಯ ಡಿಕ್ಷನರಿ ತಿರುವಿ ನಾನಾಗಿಯೇ ನಾಲ್ಕು ಇಂಗ್ಲಿಷ್ ಪದ ಕಲಿತವಳು ನಾನು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ‘ಸರಿಹೊಂದಿಸು, ಯಂತ್ರ ಇತ್ಯಾದಿಯನ್ನು.’ ಯಂತ್ರವನ್ನು! ಬನಹಟ್ಟಿಯಲ್ಲಿ ನಮ್ಮದು ನಾಲ್ಕು ಪವರ್‌ಲೂಮಿನ ಮನೆ. ಮಗ್ಗದಲ್ಲಿ ಎಳೆ ಹರಿಯತೊಡಗಿದರೆ ಮನೆಯವರು ಪಾನಾ ಹಿಡಿದು ನಟ್ಟು ತಿರುಗಿಸಿ ಅಡ್ಜಸ್ಟ್ ಮಾಡುತ್ತಾರೆ. ಅಲ್ಲಿಗೆ ಮುಗಿಯಬೇಕಾದ ಪದ, ಪಾನಾ ಕೆಳಗಿಟ್ಟು ನೆಟ್ಟಗೆ ನನ್ನ ಬಾಳಿಗೇ ನುಗ್ಗಿಬಿಟ್ಟಿದೆ! ಜಮಖಂಡಿ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವಳು ಬಂದು, “ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ ಅಕ್ಕಾರ” ಎನ್ನುತ್ತಾಳೆ. ಆಮೇಲೆ ಅರ್ಧ ನಾನು ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ. ಟೇಲರ್ ಬಿಗಿ ಕುಪ್ಪಸ ಕೈಗಿಟ್ಟು, “ಅಡ್ಜಸ್ಟ್ ಆಗ್ತೈತ್ರಿ” ಎನ್ನುತ್ತಾನೆ. ಅಂದರೆ ನಾನು ಉಸಿರಾಡಬಾರದು. ಇಡೀ ಬನಹಟ್ಟಿಯಲ್ಲಿ ಅಡ್ಜಸ್ಟ್ ಮಾಡಿಕೊಳ್ಳುವ ಪ್ರಾಣಿ ನಾನೊಬ್ಬಳೇ ಎಂದು ನನಗೆ ಖಾತ್ರಿಯಾಗಿತ್ತು.

ಆದರೆ ಈ ಹರಕೆಯಲ್ಲಿ ಮಾತ್ರ ಆ ಆಟ ನಡೆಯಕೂಡದು. ಸರಿತಾಳ ನೌಕರಿಯ ಆರ್ಡರ್ ಬರಲೆಂದು ಐದು ಶುಕ್ರವಾರ, ವಾರಕ್ಕೆ ಐದು ಜನ ಮುತ್ತೈದೆಯರಿಗೆ ಹೋಳಿಗೆ ಊಟ. ಬರುವವರು ಉಪವಾಸವಿರಬೇಕು. ರಾಹುಕಾಲ ಕಳೆದು ಹನ್ನೆರಡರ ಮೇಲೆ, ಒಂದರ ಒಳಗೆ, ಐದೂ ಜನ ಎಲೆಯ ಮುಂದೆ ಕೂತಿರಬೇಕು. ಒಂದು ವಾರ ತಪ್ಪಿದರೆ ಮತ್ತೆ ಮೊದಲಿನಿಂದ! ನಾಲ್ಕು ವಾರ ಸಾಂಗವಾಗಿ ಮುಗಿದಿದ್ದವು. ಅಂದು ಐದನೆಯದು.

ಹನ್ನೆರಡೂಕಾಲಿಗೆ ಎಲೆಗಳು ಐದು, ಮುತ್ತೈದೆಯರು ನಾಲ್ವರು. ಐದನೆಯವಳು ಮುಧೋಳದ ನಾದಿನಿ ಮಂಗಲಾ. ಫೋನ್ ಬಂತು.

“ಬಸ್ ತಪ್ಪಿತ್ರಿ ವೈನಿ. ಈ ಸಲ ಅಡ್ಜಸ್ಟ್ ಮಾಡ್ಕೊಂಡ್ಬಿಡ್ರಿ.”

“ಮುಂದಿನ ಬಸ್ಸಿಗೆ ಬಾರವ್ವಾ!”

“ಅದೂ ತಪ್ಪತೈತ್ರಿ.”

ಇನ್ನೂ ಬರದ ಬಸ್ಸು ಈಗಲೇ ತಪ್ಪಿದ್ದು ಹೇಗೆಂದು ಯೋಚಿಸಲೂ ಪುರುಸೊತ್ತಿರಲಿಲ್ಲ. ಮನೆಯವರು ಮಗ್ಗ ನಿಲ್ಲಿಸಿ ಬಂದರು.

“ನಾಕು ಮಂದೀನ ಕುಂಡ್ರಸು. ಐದನೇ ಎಲಿ ದೇವಿ ಹೆಸರ್ಲೆ ಇರಲಿ. ಅಡ್ಜಸ್ಟ್ ಆಗ್ತೈತಿ.”

“ನೀವು ಅರ್ಧ ಸೆರಗ ನೇಯ್ದು, ಉಳದದ್ದು ದೇವರ ಹೆಸರ್ಲೆ ಅಂತ ಸೀರಿ ಮಾರ್ತೀರೇನು?”

ಅವರು ಬೈಕ್ ಹತ್ತಿದರು. ಹಿಂದಿನ ಓಣಿಯ ಮಾದೇವಿಯನ್ನು ಕೂರಿಸಿಕೊಂಡು ಬಂದರು. ನಾನು ಕಾಲು ತೊಳೆದೆ, ಅರಿಶಿನ ಹಚ್ಚಿದೆ, ಹಣೆಗೆ ಕುಂಕುಮವಿಟ್ಟೆ. ಎಲೆಯ ಮುಂದೆ ಕೂತ ಮೇಲೆ ಆಕೆ ಬಾಯಿಬಿಟ್ಟಳು.

“ಮುಂಜಾನೆ ಒಂದೀಟ ಅವಲಕ್ಕಿ ತಿಂದೇನ್ರಿ.”

“ಒಂದೀಟ ಅಂದ್ರ?”

“ಎರಡ ಪ್ಲೇಟ.”

ಅಯ್ಯೋ ದೇವರೇ! ಗಡಿಯಾರದಲ್ಲಿ ಹನ್ನೆರಡೂ ನಲವತ್ತು. ಉಪವಾಸವಿರುವ ಮುತ್ತೈದೆಯನ್ನು ಇನ್ನೆಲ್ಲಿಂದ ತರಲಿ? ಮನೆಯವರು ತಲೆ ಕೆರೆದುಕೊಳ್ಳುತ್ತ ಪಕ್ಕದ ಗೋಡೆಯ ಕಡೆ ಕಣ್ಣು ಹೊರಳಿಸಿದರು. ಗೋಡೆಯಾಚೆ ಇಂದ್ರವ್ವ. ಎರಡು ವರ್ಷದಿಂದ ನಮಗೂ ಆಕೆಗೂ ಮಾತಿಲ್ಲ. ಆಕೆಯ ನಾಲಿಗೆಗೆ ನೆರೆಹೊರೆ ಗೊತ್ತಿಲ್ಲ. ಸರಿತಾ ಹಾಡುವುದನ್ನು ಕೇಳಿ, “ನಿಮ್ಮ ಬಾಗಲಾ ಎಣ್ಣಿ ಕಂಡಿಲ್ಲೇನು?” ಎಂದಿದ್ದಳು.

ಮಗಳ ನೌಕರಿ ದೊಡ್ಡದೋ, ನನ್ನ ಅಭಿಮಾನ ದೊಡ್ಡದೋ? ಓಡಿದೆ.

“ಇಂದ್ರವ್ವಾ, ಉಪವಾಸ ಅದಿಯೇನ?”

“ಎರಡ ವರ್ಷಕ್ಕ ಮಾತಾಡ್ಸಿದಿ. ಮೊದಲನೇ ಮಾತ ಇದಽ ಏನ ಬೇ?”

“ಅದಿಯೋ ಇಲ್ಲೋ ಹೇಳ!”

“ಶುಕ್ರವಾರ ನಾ ಯಾವಾಗ ಉಂಡೇನಿ? ಅದೇನಿ. ಸೀರಿ ಬದ್ಲ ಮಾಡ್ಲ್ಯಾ?”

“ಹಂಗಽ ಬಾರವ್ವಾ, ನಿನ್ನ ಕಾಲ ಬೀಳ್ತೇನಿ!”

“ಮೊದಲ ಬೀಳು, ಆಮ್ಯಾಲ ಬರ್ತೇನಿ” ಎನ್ನುತ್ತಲೇ ಆಕೆ ಚಪ್ಪಲಿ ಮೆಟ್ಟಿದಳು.

ಮಾದೇವಿಯನ್ನು ಎರಡನೆಯ ಪಂಕ್ತಿಗೆಂದು ಎಬ್ಬಿಸಿ, ಆ ಎಲೆಗೆ ಇಂದ್ರವ್ವನನ್ನು ಕೂರಿಸಿದೆ. ಹನ್ನೆರಡೂ ಐವತ್ತೆರಡಕ್ಕೆ ಐದೂ ಎಲೆ ತುಂಬಿದವು. ನನ್ನ ಕಣ್ಣೂ ತುಂಬಿದವು. ಹೋಳಿಗೆ ಬಡಿಸಿದೆ, ತುಪ್ಪ ಸುರಿದೆ, ಅನ್ನದ ಮೇಲೆ ಕಟ್ಟಿನ ಸಾರು ಹಾಕಿದೆ. ಗೆದ್ದೆ! ಒಂದು ಎಳೆಯಷ್ಟೂ ಅಡ್ಜಸ್ಟ್ ಮಾಡಿಕೊಳ್ಳದೆ ಗೆದ್ದೆ!

ಇಂದ್ರವ್ವ ಒಂದು ತುತ್ತು ಬಾಯಿಗಿಟ್ಟಳು. ಮುಖ ಹಿಂಡಿದ ನಿಂಬೆಹಣ್ಣಾಯಿತು.

“ಏನ ಬೇ ಇದು, ಸಾರೋ ಸಮುದ್ರೋ?”

ಉಳಿದ ನಾಲ್ವರೂ ಒಮ್ಮೆಲೇ ತಲೆ ತಗ್ಗಿಸಿದರು. ಎಡೆಗಿಡುವ ಅಡುಗೆಯ ರುಚಿಯನ್ನು ನಾನು ನೋಡುವವಳಲ್ಲ. ಹರಕೆಯ ದಿನ ರಾತ್ರಿಗೂ ನನಗೆ ಬರೀ ಹಾಲು-ಹಣ್ಣು. ದೇವಿಯ ನಾಮ ಹೇಳುತ್ತ ಉಪ್ಪು ಹಾಕುತ್ತೇನೆ. ಹಾಕಿದೆನೋ ಇಲ್ಲವೋ ಎಂದು ಸಂಶಯ ಬಂದು, ನಾಮ ಮುಗಿದ ಮೇಲೆ ಇನ್ನೊಮ್ಮೆ ಹಾಕುತ್ತೇನೆ.

“ಸಾವಕ್ಕಾ, ಖರೆ ಹೇಳ್ರಿ. ಉಪ್ಪ ಜಾಸ್ತಿ ಆಗೇತೇನು?”

ಎಲ್ಲರಿಗಿಂತ ಹಿರಿಯಳಾದ ಸಾವಕ್ಕ ಎಲೆಯ ತುದಿ ನೋಡುತ್ತ ಅಂದಳು: “ಐದ ವಾರದಿಂದ ಹಿಂಗಽ ಐತವ್ವಾ. ಹರಕಿ ಊಟ, ಹೆಂಗ ಹೇಳೂದು? ಅಡ್ಜಸ್ಟ್ ಮಾಡ್ಕೊಂಡ ಹೊಂಟಿದ್ವಿ.”

ಮನೆಯವರತ್ತ ತಿರುಗಿದೆ. “ನೀವರೆ ಹೇಳಬಾರದೇನ್ರಿ?”

“ಉಪವಾಸ ಇದ್ದಾಕಿಗೆ ಏನಂತ ಹೇಳ್ಲಿ? ಒಂದ ತಂಬಿಗಿ ನೀರ ಬೆರಸ್ಕೊಂಡ...” ಮುಂದಿನ ಪದವನ್ನು ಅವರು ನುಂಗಿಕೊಂಡರು.

ಅಷ್ಟರಲ್ಲಿ ಇಂದ್ರವ್ವ ಕೈ ಝಾಡಿಸಿದಳು. ಆಕೆ ಎಲೆಯಿಂದ ಎದ್ದರೆ ಹರಕೆ ಮುರಿದಂತೆಯೇ! ನಾನು ಆಕೆಯ ಹೆಗಲು ಗಟ್ಟಿಯಾಗಿ ಹಿಡಿದುಕೊಂಡೆ.

“ಬಿಡ ಬೇ, ಏಳಂಗಿಲ್ಲ. ನಿನ್ನ ಮಗಳ ನೌಕರಿ ನನಗೂ ಬೇಕು. ನೌಕರಿಗೆ ಹೋದ್ರ ಮನ್ಯಾಗ ಹಾಡೂದರೆ ಕಮ್ಮಿ ಆಗ್ತೈತಿ. ಇನ್ನೆರಡ ಹೋಳಿಗಿ ಹಾಕು.”

ಹಾಕಿದೆ. ಹಾಕುತ್ತಿದ್ದಂತೆಯೇ ಇನ್ನೊಂದು ಸಂಗತಿ ಹೊಳೆಯಿತು. ಐದು ವಾರವೂ ಮೊದಲ ಎಡೆ ಯಾರಿಗೆ ಹೋಗಿತ್ತು? ಮೆಲ್ಲಗೆ ದೇವರ ಜಗಲಿಯ ಕಡೆ ತಿರುಗಿದೆ. ಬನಶಂಕರಿಯ ಮುಂದೆ ಅದೇ ಸಾರು, ಬಟ್ಟಲಿನ ತುಂಬ.

ಇಂದ್ರವ್ವನೂ ಅತ್ತಲೇ ನೋಡಿ ಲೊಚಗುಟ್ಟಿದಳು.

“ಪಾಪ, ಆಕಿಗಂತೂ ಎದ್ದು ಹೋಗಾಕೂ ಬರಂಗಿಲ್ಲ!”