ಪಕ್ಕದ ಸೀಟಿನ ಬ್ರೇಕು

ನಿಯಮ ಮುರಿಯುವವರು ನೆಮ್ಮದಿಯಾಗಿಯೇ ಇರುತ್ತಾರೆ. ಮುಂದೆ ಹೇಳುವಂಥವೆಲ್ಲ ಒಂದರ ಹಿಂದೊಂದು ಆಗುವುದು ನನ್ನ ಹಾಗೆ ಪಾಲಿಸುವವರಿಗೆ.

೧. ಹತ್ತು ಅಂದರೆ ಹತ್ತು

ಯುಗಾದಿ ಕಾರ್ಯಕ್ರಮ ಬೆಳಗ್ಗೆ ಹತ್ತಕ್ಕೆ ಎಂದು ವಿದೇಶದಲ್ಲಿರುವ ನಮ್ಮ ಕನ್ನಡ ಸಂಘದಿಂದ ಇಮೇಲ್ ಬಂದಿತ್ತು. ಮನೆ ಬಿಡುವುದು ತಡವಾಯಿತು. ಜೀವಮಾನದಲ್ಲಿ ಮೊದಲ ಸಲ ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಪೊಲೀಸ್ ನಿಲ್ಲಿಸಿದ.

"ಇಷ್ಟೊಂದು ಅವಸರ ಯಾಕೆ?"

"ಸಮಯಪಾಲನೆ ನನ್ನ ತತ್ತ್ವ."

ತತ್ತ್ವಕ್ಕೆ ರಿಯಾಯಿತಿ ಇರಲಿಲ್ಲ. ಅತಿವೇಗದ ದಂಡದ ಟಿಕೆಟ್ ಹಿಡಿದು ಹೋದರೆ ಹಾಲ್‌ಗೆ ಬೀಗ. ಹನ್ನೊಂದೂವರೆಗೆ ಬೀಗದ ಕೈ ತಂದ ಕಾರ್ಯದರ್ಶಿ, "ಅಯ್ಯೋ, ಇಷ್ಟು ಬೇಗ ಯಾಕೆ ಬಂದ್ರಿ ಸಾರ್?" ಅಂದರು.

೨. ಕೇಳಿದ್ದಕ್ಕೆ ಉತ್ತರ

ಆ ಅತಿವೇಗಕ್ಕೆ ಆರು ತಿಂಗಳು ಲೈಸೆನ್ಸ್ ರದ್ದಾಯಿತು. ನನ್ನದು ಡೇಟಾ ಸೆಂಟರ್ ಕೆಲಸ. ಮನೆಯಲ್ಲಿ ಕೂತು ಮಾಡುವಂಥದ್ದಲ್ಲ, ಹೋಗದಿದ್ದರೆ ಕೆಲಸವೇ ಹೋಗುತ್ತದೆ. ಹೆಂಡತಿ ಆರಕ್ಕೇ ಎದ್ದು ಬೇರೆ ದಿಕ್ಕಿನಲ್ಲಿರುವ ಕೊಲಂಬಿಯಾ ಊರಿಗೆ ಡ್ಯೂಟಿಗೆ ಹೊರಡುತ್ತಾಳೆ. ಇಂಥವರಿಗೆ, ತೊಂದರೆ ರುಜುವಾತಾದರೆ, ರಿಸ್ಟ್ರಿಕ್ಟೆಡ್ ಲೈಸೆನ್ಸ್ ಎಂದು ಕೊಡುತ್ತಾರೆ: ಮನೆಯಿಂದ ಆಫೀಸು, ಆಫೀಸಿಂದ ಮನೆ, ಅಷ್ಟೇ. ಅರ್ಜಿ ಹಾಕಿದೆ.

"ಆಫೀಸಿಗೆ ಹೋಗಲು ಬೇರೆ ದಾರಿ ಇದೆಯೇ?" ನ್ಯಾಯಾಧೀಶರು ಕೇಳಿದರು.

ಲಾಯರ್ ನನ್ನ ಕಾಲು ತುಳಿದ. "ಇದೆ. ಪಕ್ಕದ ಮನೆಯವರ ಆಫೀಸು ನನ್ನ ಆಫೀಸಿನ ಎದುರಿಗೇ," ಅಂದೆ.

ಅರ್ಜಿ ವಜಾ. ಹೊರಗೆ ಬಂದು ಲಾಯರ್‌ಗೆ, "ಕೋರ್ಟಿನಲ್ಲಿ ಕಾಲು ತುಳಿಯುವುದು ಸಭ್ಯತೆಯಲ್ಲ," ಎಂದು ತಿಳಿಸಿದೆ. ಆಮೇಲೆ ಮೇಲಿನ ಕೋರ್ಟಿಗೆ ಅಪೀಲು ಬರೆಸಿದೆ.

೩. ಎರಡು ತಿಂಗಳ ಕಾಯುವಿಕೆ

ಅಪೀಲಿನ ದಿನ ಬರುವವರೆಗೆ ಪಕ್ಕದ ಮನೆಯ ಮೈಸೂರಿನವರೇ ನನ್ನನ್ನು ಕರೆದೊಯ್ದರು. ಬಹಳ ಒಳ್ಳೆಯ ಮನುಷ್ಯ, ಇಂಡಿಕೇಟರ್ ಮಾತ್ರ ತಡವಾಗಿ ಹಾಕುತ್ತಾರೆ. ಪಕ್ಕದ ಸೀಟಿನಲ್ಲಿ ನನಗೆ ಒಂದು ಕ್ಷಣ ನೆಮ್ಮದಿ ಇಲ್ಲ. ಕಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಮಿರರ್ ನೋಡಿದ್ರಾ? ಸ್ಟಾಪ್ ಸೈನ್‌ನಲ್ಲಿ ಪೂರ್ತಿ ನಿಂತಿರಾ? ಮೂರು ಎಣಿಸಿದ್ರಾ?"

"ಎಣಿಸ್ದೆ ಸಾರ್."

"ಜೋರಾಗಿ ಎಣಿಸಿ."

ಒಂದು ದಿನ ಅವರ ಹೆಂಡತಿ ನನ್ನವಳ ಹತ್ತಿರ ಹೇಳಿದರಂತೆ: "ಈಗೀಗ ನಮ್ಮೋರು ಅಡುಗೆಮನೆಗೆ ಬರೋವಾಗ್ಲೂ ಬಾಗ್ಲಲ್ಲಿ ನಿಂತು ಮೂರು ಎಣಿಸ್ತಾರೆ ಕಣ್ರೀ!"

ಹೆಂಡತಿ ನಗುತ್ತಾ ತಿಳಿಸಿದಳು. ನಗುವುದಕ್ಕೆ ಏನಿದೆ? ಒಳ್ಳೆಯ ಅಭ್ಯಾಸ.

೪. ಸಾಕ್ಷಿ

ಅಪೀಲಿನ ದಿನ ನನಗೆ ಕೂರಲಾಗಲಿಲ್ಲ, ಕಾರಿಡಾರ್ ಅಳೆದೆ. ಕೆಲಸ ಉಳಿಯುವುದು ಇದರ ಮೇಲೆ, ಯಾಕೆಂದರೆ ಮುಂದಿನ ತಿಂಗಳಿಂದ ನನ್ನ ಶಿಫ್ಟ್ ಬದಲು. ಆ ಹೊತ್ತಿಗೆ ಕರೆದೊಯ್ಯಲು ಸಾಧ್ಯವೇ ಎಂದು ಹೇಳಲು ಸರ್ಕಾರಿ ವಕೀಲರು ಮೈಸೂರಿನವರನ್ನು ಸಾಕ್ಷಿಯಾಗಿ ಕರೆಸಿದ್ದರು. "ಮುಲಾಜು ಬೇಡ, ಸತ್ಯ ಮಾತ್ರ ಹೇಳಿ," ಎಂದು ನಾನೇ ತಾಕೀತು ಮಾಡಿದ್ದೆ.

"ಹೊಸ ಶಿಫ್ಟಿಗೂ ಇವರನ್ನು ಕರೆದೊಯ್ಯಲು ಆಗುತ್ತದೆಯೇ?" ನ್ಯಾಯಾಧೀಶರು ಕೇಳಿದರು.

"ಟೈಮ್ ಅಡ್ಜಸ್ಟ್ ಮಾಡ್ಕೋಬಹುದು, ಯುವರ್ ಆನರ್." ಅವರು ಎರಡೂ ಕೈ ಜೋಡಿಸಿದರು. "ಆದ್ರೆ ಪ್ಲೀಸ್, ಅವ್ರಿಗೆ ಲೈಸೆನ್ಸ್ ಕೊಟ್ಬಿಡಿ. ಹದಿನೈದು ವರ್ಷದಿಂದ ಡ್ರೈವ್ ಮಾಡ್ತಿದೀನಿ. ಈಗ ಸ್ಟಿಯರಿಂಗ್ ಮುಟ್ಟಿದ್ರೆ ಕೈ ನಡುಗುತ್ತೆ."

ಸರ್ಕಾರಿ ವಕೀಲರು ಕೆಮ್ಮಿದರು. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡಿ, "ಈ ಸಾಕ್ಷಿ ಒಳ್ಳೆಯ ಡ್ರೈವರೇ?" ಎಂದರು.

"ಇಂಡಿಕೇಟರ್ ಒಂದು ಬಿಟ್ಟರೆ," ಅಂದೆ.

"ತೊಂದರೆ ರುಜುವಾತಾಗಿದೆ," ಎಂದು ಸಹಿ ಹಾಕಿದರು.

ಆ ಖುಷಿಯಲ್ಲಿ ಮೈಸೂರಿನವರು, "ಯುವರ್ ಆನರ್, ಶನಿವಾರ ಇಂಡಿಯನ್ ಸ್ಟೋರ್‌ಗೆ ಹೋಗೋದನ್ನೂ ಲೈಸೆನ್ಸಿಗೆ ಸೇರಿಸಿಬಿಡಿ!" ಅಂದರು.

ನ್ಯಾಯಾಧೀಶರು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. "ಆಗುವುದಿಲ್ಲ. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ."

"ಅವರು ಹೇಳಿದ್ದು ಸರಿ," ಅಂದರು ನ್ಯಾಯಾಧೀಶರು.

ಹಾಗಾಗಿ ಈಗ ಪ್ರತಿ ಶನಿವಾರ ಹತ್ತಕ್ಕೆ ಸರಿಯಾಗಿ ಚೀಲ ಹಿಡಿದು ಅವರ ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಲ್ಲುತ್ತೇನೆ. ಅವರು ಹಿಂದಿನ ಬಾಗಿಲು ತೆರೆದು, "ಇಲ್ಲಿ ಆರಾಮಾಗಿ ಕೂತ್ಕೊಳ್ಳಿ ಸಾರ್," ಅನ್ನುತ್ತಾರೆ. ನನ್ನದೇನೂ ಅಭ್ಯಂತರವಿಲ್ಲ. ನಡುವಿನ ಸೀಟಿನಿಂದ ಸ್ಪೀಡೋಮೀಟರ್ ಇನ್ನೂ ಚೆನ್ನಾಗಿ ಕಾಣುತ್ತದೆ.