ಡಿಸ್ಕಿಗೆ ಎಷ್ಟು ಪಟ್ಟೆ

ನಮ್ಮ ಕೆಲಸದಲ್ಲಿ ಯಂತ್ರಗಳು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತವೆ, ಜನ ತಮಗೆ ಕೇಳಿಸಿದ ಹಾಗೆ ಮಾಡುತ್ತಾರೆ. ಅದಕ್ಕೇ ಇಂಥವು ಆಗುತ್ತಲೇ ಇರುತ್ತವೆ.

ಸೋಫಾ

ಇಂಗ್ಲೆಂಡಿನ ಹಾರ್ಬೋರ್ನ್‌ನಲ್ಲಿ ಕನ್ನಡದವರ ಮನೆ ಊಟ. ಪಕ್ಕದಲ್ಲಿ ಧಾರವಾಡ ಕಡೆಯ ಡಾಕ್ಟರು. ಆಸ್ಪತ್ರೆ ಕೆಲಸದ ಜೊತೆ ಸಂಶೋಧನೆಯೂ ಉಂಟು. ನಾನೇನು ಮಾಡುತ್ತೇನೆ ಎಂದು ಕೇಳಿದರು.

"ಯೂನಿವರ್ಸಿಟಿಯಲ್ಲಿದೀನಿ. ಸ್ಟೋರೇಜ್."

"ಛಲೋ ಆತ್ರಿ. ನಮ್ದೊಂದು ಹಳೇ ಸೋಫಾ ಐತಿ, ಇಟ್ಕೋತೀರೇನು?"

ನೂರಾರು ಕಂಪ್ಯೂಟರ್‌ಗಳು ಒಟ್ಟಿಗೆ ಓದುವ ಡಿಸ್ಕುಗಳನ್ನು ಚುರುಕಾಗಿಸುವುದು ನನ್ನ ಕೆಲಸ ಎಂದು ವಿವರಿಸಿದೆ. ಅವರು ಚಪಾತಿ ಮುರಿಯುವುದನ್ನು ನಿಲ್ಲಿಸಿದರು. ಅವರ ಸ್ಕ್ಯಾನ್‌ಗಳ ವಿಶ್ಲೇಷಣೆ ನಮ್ಮ ಆ ಕಂಪ್ಯೂಟರ್‌ಗಳ ಕ್ಲಸ್ಟರಿನಲ್ಲೇ ತೆವಳುತ್ತಿತ್ತಂತೆ. ಶುಕ್ರವಾರದೊಳಗೆ ಫಲಿತಾಂಶ ಕಳಿಸದಿದ್ದರೆ ಲೀಡ್ಸ್‌ನ ಸಮ್ಮೇಳನ ತಪ್ಪುತ್ತದೆ, ವರ್ಷಗಟ್ಟಲೆ ಪಟ್ಟ ಶ್ರಮ ನೀರಿನಲ್ಲಿ ಮಾಡಿದ ಹೋಮ.

"ಹಂಗಾರ ನಾ ಬೈಯಾಕತ್ತಿದ್ದು ನಿಮ್ಗ" ಎಂದು ಕೈ ಕುಲುಕಿದರು.

ರಿಸೆಪ್ಷನ್

ಸೋಮವಾರ ಅವರ ಫೈಲುಗಳನ್ನು ತೆಗೆದು ನೋಡಿದೆ. ಒಬ್ಬೊಬ್ಬ ರೋಗಿಯ ಸ್ಕ್ಯಾನನ್ನೂ ಚೂರು ಚೂರು ಮಾಡಿ ಲಕ್ಷಾಂತರ ಪುಟಾಣಿ ಫೈಲುಗಳಾಗಿ ಇಟ್ಟಿದ್ದರು. ನನಗೆ ಸಿಟ್ಟು ಬಂತು, ಆದರೂ ಫೋನಿನಲ್ಲಿ ಸಮಾಧಾನವಾಗಿ ಹೇಳಿದೆ: "ನಿಮ್ಮ ಡಿಸ್ಕು ಇಲ್ಲಿಯ ಜಿಪಿ ಡಾಕ್ಟರ ಕ್ಲಿನಿಕ್ ಇದ್ದ ಹಾಗೆ. ಒಂದೊಂದು ಫೈಲೂ ಮೊದಲು ರಿಸೆಪ್ಷನ್ನಿನಲ್ಲಿ ಹೆಸರು ಹೇಳಿಯೇ ಒಳಗೆ ಹೋಗಬೇಕು. ಕ್ಯೂ ಅಲ್ಲೇ ಆಗಿರೋದು."

ಡಾಕ್ಟರು ಗಂಭೀರವಾಗಿ ಯೋಚಿಸಿದರು. "ಅಲ್ಲಿನಂಗ ಬೆಳಿಗ್ಗೆ ಎಂಟಕ್ಕ ಫೋನ್ ಹಚ್ಚಿದ್ರ ಅಪಾಯಿಂಟ್‌ಮೆಂಟ್ ಸಿಗ್ತೈತೇನ್ರಿ?"

ಪಟ್ಟೆ

ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಫೈಲು ಮಾಡಿಸಿದೆ. ಅದು ಹೋಗಿ ಒಂದೇ ಡಿಸ್ಕಿನ ಮೇಲೆ ಕುಳಿತುಬಿಟ್ಟಿತು. ಉಳಿದ ಹದಿನೈದು ಸುಮ್ಮನೆ ಬಿದ್ದಿದ್ದವು. ಬುಧವಾರ ಮತ್ತೆ ಫೋನು: "ಫೈಲನ್ನ ಪಟ್ಟೆ ಪಟ್ಟೆಯಾಗಿ ಡಿಸ್ಕುಗಳ ಮೇಲೆ ಹರಡಬೇಕು. ಆಗ ಎಲ್ಲ ಡಿಸ್ಕೂ ಒಟ್ಟಿಗೆ ಓದುತ್ತವೆ. ಪಟ್ಟೆ ಹಾಕಿ."

ಹಾಕಿದರು. ವೇಗ ಹೆಚ್ಚಿತು, ಆದರೆ ಶುಕ್ರವಾರಕ್ಕೆ ಮುಗಿಯುವಷ್ಟಲ್ಲ. ನೋಡಿದರೆ ಮೂರೇ ಪಟ್ಟೆ. ಹದಿನಾರು ಮಾಡಿ ಎಂದೆ. "ಹದಿನಾರೇನ್ರಿ?" ಎಂದು ಕೇಳಿದರು. ಆಮೇಲೆ "ಆತ್ರಿ" ಎಂದರು.

ಶುಕ್ರವಾರ ಮಧ್ಯಾಹ್ನ ವಿಡಿಯೋ ಕಾಲ್ ಬಂತು. ಫಲಿತಾಂಶ ಬಂದಿತ್ತು, ಲೀಡ್ಸ್‌ಗೆ ಕಳಿಸಿಯೂ ಆಗಿತ್ತು. ನನಗೂ ಜೀವ ಬಂದಂತಾಯಿತು. ಈಗಲಾದರೂ ಕೇಳೋಣವೆಂದು ಕೇಳಿದೆ: "ಮೊದಲು ಮೂರೇ ಯಾಕೆ ಹಾಕಿದ್ರಿ?"

ಅವರು ಹಣೆಯ ವಿಭೂತಿ ತೋರಿಸಿದರು. "ಪಟ್ಟೆ ಅಂದ್ರಿ. ನಮ್ಮ ಮನ್ಯಾಗ ಅವು ಮೂರ ಇರ್ತಾವು."

"ಮತ್ತೆ ಹದಿನಾರು ಅಂದಾಗ ಒಪ್ಪಿಕೊಂಡ್ರಲ್ಲ?"

"ಡಿಸ್ಕಿನ ಹಣಿ ಅಗಲ ಇರಬೇಕು ಅಂದ್ಕೊಂಡ್ನಿರಿ."